ಚೀಲದ ಬೆಲೆ ಬಿಟ್ಟು ಬರೆದ ಲೆಕ್ಕ

ಒಂದೇ ದೊಡ್ಡ ಗೊಬ್ಬರ ಕಾರ್ಖಾನೆ ಕಟ್ಟುವುದು ಲೇಸೋ, ನಾಲ್ಕು ಸಣ್ಣವನ್ನು ನಾಲ್ಕು ದಿಕ್ಕಿಗೆ ಕಟ್ಟುವುದು ಲೇಸೋ? ಈಗಲೇ ಕಟ್ಟಬೇಕೋ, ಐದು ವರ್ಷ ಹಡಗಿನಲ್ಲಿ ತರಿಸಿಕೊಂಡು ಆಮೇಲೆ ಕಟ್ಟಬೇಕೋ? 1960ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಅಲನ್ ಮ್ಯಾನಿ ದೆಹಲಿಯಲ್ಲಿದ್ದುಕೊಂಡು, ಭಾರತೀಯ ಸಹೋದ್ಯೋಗಿಗಳ ಜೊತೆಗೂಡಿ ಈ ಪ್ರಶ್ನೆಗಳಿಗೆ ಗಣಿತದ ಉತ್ತರ ಹುಡುಕುತ್ತಿದ್ದರು. ಅವರು ಆರಿಸಿಕೊಂಡ ಉದ್ಯಮಗಳು ನಾಲ್ಕು: ಅಲ್ಯೂಮಿನಿಯಂ, ಕಾಸ್ಟಿಕ್ ಸೋಡಾ, ಸಿಮೆಂಟ್ ಮತ್ತು ಸಾರಜನಕ ಗೊಬ್ಬರ. ಆ ಕೆಲಸ 1967ರಲ್ಲಿ ಪುಸ್ತಕವಾಗಿ ಬಂತು. ಗಾತ್ರ, ಸ್ಥಳ, ಕಾಲ ಎಂಬ ಮೂರು ಸಂಗತಿಗಳನ್ನು ಒಟ್ಟಿಗೆ ಲೆಕ್ಕಕ್ಕೆ ತಂದ ಹೂಡಿಕೆ ಮಾದರಿಗಳಲ್ಲಿ ಅದು ಮೊದಮೊದಲಿನದು. ಇಡೀ ದೇಶದ ಗೊಬ್ಬರ ಉದ್ಯಮವನ್ನು ಸಮೀಕರಣಗಳಲ್ಲಿ ಹಿಡಿಯುವ ವಿದ್ಯೆ ಕಣ್ಣು ತೆರೆದ ಜಾಗಗಳಲ್ಲಿ ಭಾರತವೂ ಒಂದು.

ಗೊಬ್ಬರವೇ ಏಕೆ? ಏಕೆಂದರೆ ಇಷ್ಟು ತೊಡಕಿನ ಲೆಕ್ಕ ಬೇರೆ ಉದ್ಯಮದಲ್ಲಿ ಸಿಗುವುದು ಅಪರೂಪ. ರಾಸಾಯನಿಕ ಸ್ಥಾವರವನ್ನು ಎರಡು ಪಟ್ಟು ದೊಡ್ಡದಾಗಿ ಕಟ್ಟಿದರೆ ಖರ್ಚು ಎರಡು ಪಟ್ಟಾಗುವುದಿಲ್ಲ, ಸುಮಾರು ಒಂದೂವರೆ ಪಟ್ಟಾಗುತ್ತದೆ. ಹೀಗಾಗಿ ದೊಡ್ಡದೇ ಅಗ್ಗ. ಆದರೆ ದೊಡ್ಡ ಕಾರ್ಖಾನೆ ಎಂದರೆ ದೂರದ ಹೊಲಗಳಿಗೆ ರೈಲು ಬಾಡಿಗೆ ಕಟ್ಟಬೇಕು. ಬೇಡಿಕೆ ತುಂಬಿಕೊಳ್ಳುವವರೆಗೆ ಅರ್ಧ ಯಂತ್ರ ಸುಮ್ಮನೆ ನಿಂತಿರುತ್ತದೆ. ಕಟ್ಟುವುದೋ ಬಿಡುವುದೋ ಎಂಬ ತೀರ್ಮಾನದಲ್ಲಿ ಅರ್ಧಂಬರ್ಧಕ್ಕೆ ಜಾಗವಿಲ್ಲ. ಹತ್ತು ಸ್ಥಳ, ನಾಲ್ಕು ಕಾಲಘಟ್ಟ ಎಂದು ಹಿಡಿದರೂ ಹೌದು-ಇಲ್ಲಗಳ ಜೋಡಣೆ ಒಂದು ಲಕ್ಷ ಕೋಟಿ ದಾಟುತ್ತದೆ. ಅದರ ಮೇಲೆ ಕಚ್ಚಾ ಮಾಲಿನ ಆಯ್ಕೆ ಬೇರೆ. ರಂಜಕಕ್ಕೆ ಮೊರೊಕ್ಕೊ, ಜೋರ್ಡಾನ್‌ಗಳಿಂದ ಕಲ್ಲನ್ನು ತರಬೇಕೋ, ಆಮ್ಲವನ್ನೇ ತರಬೇಕೋ, ತಯಾರಾದ ಡಿಎಪಿ ಗೊಬ್ಬರವನ್ನೇ ಬಂದರಿನಲ್ಲಿ ಇಳಿಸಿಕೊಳ್ಳಬೇಕೋ? ಅನಿಲವನ್ನು ಕೊಳವೆಯಲ್ಲಿ ಒಳನಾಡಿಗೆ ಒಯ್ಯಬೇಕೋ, ಅನಿಲ ಬರುವಲ್ಲೇ ಯೂರಿಯಾ ಮಾಡಿ ರೈಲಿಗೆ ಹಾಕಬೇಕೋ? ಒಂದರ ಉತ್ತರ ಬದಲಾದರೆ ಉಳಿದವೆಲ್ಲ ಅಲುಗಾಡುತ್ತವೆ.

ಈ ವಿದ್ಯೆಯನ್ನು ಮುಂದೆ ಬೆಳೆಸಿದ್ದು ವಿಶ್ವಬ್ಯಾಂಕಿನ ಸಂಶೋಧನಾ ವಿಭಾಗ. ಅರ್ಮೀನ್ ಚೋಕ್ಸಿ, ಅಲೆಕ್ಸಾಂಡರ್ ಮೀರಾಸ್, ಆರ್ಡಿ ಸ್ಟೌಟೆಸ್‌ಡೈಕ್ ಮೂವರು ಸೇರಿ ಗೊಬ್ಬರ ಉದ್ಯಮದ ಹೂಡಿಕೆ ಯೋಜನೆಯ ಕುರಿತು 1980ರಲ್ಲಿ ಹೊರತಂದ ಪುಸ್ತಕಕ್ಕೆ ಈಜಿಪ್ಟ್ ಉದಾಹರಣೆಯಾಯಿತು. ಆಸ್ವಾನ್‌ನಲ್ಲಿ ಅಣೆಕಟ್ಟೆಯ ವಿದ್ಯುತ್ತಿನಿಂದ ನೀರನ್ನು ಒಡೆದು ಅಮೋನಿಯಾ ತಯಾರಾಗುತ್ತಿತ್ತು, ಹೆಲ್ವಾನ್‌ನಲ್ಲಿ ಕೋಕ್ ಒಲೆಯ ಅನಿಲದಿಂದ. ನೈಲ್ ಕಣಿವೆಯ ಯಾವ ಜಿಲ್ಲೆಗೆ ಯಾವ ಕಾರ್ಖಾನೆಯ ಮಾಲು ಹೋಗಬೇಕು, ಎಷ್ಟನ್ನು ಹೊರದೇಶದಿಂದ ತರಬೇಕು ಎಂಬುದನ್ನು ಮಾದರಿ ಲೆಕ್ಕ ಹಾಕುತ್ತಿತ್ತು. ಇಂಥ ಮಾದರಿಯನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಬರೆಯುವುದೇ ತಿಂಗಳುಗಟ್ಟಲೆಯ ಕೆಲಸ. ಆ ಕಿರಿಕಿರಿಯಿಂದ ಪಾರಾಗಲು ಮೀರಾಸ್ ಮತ್ತು ಸಂಗಡಿಗರು ಗ್ಯಾಮ್ಸ್ ಎಂಬ ಗಣಕ ಭಾಷೆಯನ್ನೇ ಹುಟ್ಟುಹಾಕಿದರು. ಇಂದು ವಿದ್ಯುತ್ ಜಾಲದಿಂದ ತೈಲ ಶುದ್ಧೀಕರಣದವರೆಗೆ ಬಳಕೆಯಲ್ಲಿರುವ ಆ ಭಾಷೆಯ ಮಾದರಿ ಭಂಡಾರದಲ್ಲಿ ಈಜಿಪ್ಟಿನ ಗೊಬ್ಬರ ಈಗಲೂ ಇದೆ.

ಇವೆಲ್ಲ ಮಾದರಿಗಳಲ್ಲಿ ಒಂದು ಸಮಾನ ಗುಣವಿದೆ. ರೈತನಿಗೆ ಬೇಕಾದ ಗೊಬ್ಬರ ಇಷ್ಟು ಟನ್ ಎಂದು ಮೊದಲೇ ಬರೆದುಕೊಂಡು, ಅದನ್ನು ಅತಿ ಕಡಿಮೆ ಖರ್ಚಿನಲ್ಲಿ ಮುಟ್ಟಿಸುವುದು ಹೇಗೆ ಎಂದು ಅವು ಕೇಳುತ್ತವೆ. ಬೇಡಿಕೆ ಹೊರಗಿನಿಂದ ಬರುವ ಅಂಕಿ. ಬೆಲೆ ಆ ಅಂಕಿಯನ್ನು ಕುಣಿಸುತ್ತದೆ ಎಂಬ ಸಂಗತಿಗೆ ಅಲ್ಲಿ ಎಡೆಯಿಲ್ಲ, ಇದ್ದರೂ ಅಡಿಟಿಪ್ಪಣಿಯ ಮಟ್ಟದಲ್ಲಿ. ಭಾರತದ ಗೊಬ್ಬರ ನೀತಿ ಎಪ್ಪತ್ತು ವರ್ಷಗಳಲ್ಲಿ ಎಲ್ಲಿ ಗೆದ್ದಿತು, ಎಲ್ಲಿ ಎಡವಿತು ಎಂದು ಹುಡುಕುತ್ತ ಹೋದರೆ ಮತ್ತೆ ಮತ್ತೆ ಇದೇ ಬಿರುಕಿಗೆ ಬಂದು ನಿಲ್ಲಬೇಕಾಗುತ್ತದೆ. ಟನ್ನುಗಳ ಲೆಕ್ಕದಲ್ಲಿ ಗೆಲುವು, ಬೆಲೆಯ ಲೆಕ್ಕದಲ್ಲಿ ಸೋಲು.

ಮೊದಲು ಟನ್ನುಗಳ ಕಥೆ. ಚೆನ್ನೈ ಬಳಿಯ ರಾಣಿಪೇಟೆಯಲ್ಲಿ 1906ರಲ್ಲೇ ಸೂಪರ್ ಫಾಸ್ಫೇಟ್ ತಯಾರಾಗುತ್ತಿತ್ತು. ಕೃಷ್ಣರಾಜಸಾಗರದ ಪಕ್ಕದ ಬೆಳಗೊಳದಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ ಎದ್ದ ಕಾರ್ಖಾನೆ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡುವ ವಿದ್ಯೆಯನ್ನು ಸ್ವಾತಂತ್ರ್ಯಕ್ಕೂ ಮುಂಚೆ ಈ ನೆಲಕ್ಕೆ ತಂದಿತು. ಕೇರಳದ ಉದ್ಯೋಗಮಂಡಲದ ಫ್ಯಾಕ್ಟ್ ಕಾರ್ಖಾನೆ 1947ರಲ್ಲಿ ಉತ್ಪಾದನೆ ಶುರುಮಾಡಿದಾಗ ಅನಿಲಕ್ಕಾಗಿ ಸುಟ್ಟದ್ದು ಕಾಡಿನ ಸೌದೆ. ಆದರೆ ರಾಷ್ಟ್ರೀಯ ಯೋಜನೆ ಎಂಬ ಅರ್ಥದಲ್ಲಿ ಮೊದಲಿನದು ಸಿಂದ್ರಿಯ ಕಾರ್ಖಾನೆ. 1943ರ ಬಂಗಾಳ ಕ್ಷಾಮದ ಬಳಿಕ ಹುಟ್ಟಿದ ಆಲೋಚನೆ ಅದು, ವರ್ಷಕ್ಕೆ 3.5 ಲಕ್ಷ ಟನ್ ಅಮೋನಿಯಂ ಸಲ್ಫೇಟ್ ಗುರಿ. 1951ರಲ್ಲಿ ಉತ್ಪಾದನೆ ಆರಂಭವಾಯಿತು, 1952ರ ಮಾರ್ಚ್‌ನಲ್ಲಿ ನೆಹರೂ ಅದನ್ನು ದೇಶಕ್ಕೆ ಅರ್ಪಿಸಿದರು. ಕಲ್ಲಿದ್ದಲು ಪಕ್ಕದಲ್ಲೇ ಇತ್ತು, ಜಿಪ್ಸಮ್ ಮಾತ್ರ ರಾಜಸ್ಥಾನದಿಂದ ರೈಲಿನಲ್ಲಿ ಬರಬೇಕಿತ್ತು.

1961ರಲ್ಲಿ ಪಂಜಾಬಿನ ನಂಗಲ್‌ನಲ್ಲಿ ಶುರುವಾದ ಕಾರ್ಖಾನೆಯ ಬಗ್ಗೆ ಒಂದೆರಡು ಮಾತು ಹೆಚ್ಚು ಹೇಳಬೇಕು. ಭಾಕ್ರಾ ಅಣೆಕಟ್ಟೆಯ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕ, ಅದರಿಂದ ಅಮೋನಿಯಾ. ಇಂದು ಹಸಿರು ಅಮೋನಿಯಾ ಎಂದು ಹೊಸ ಹೆಸರಿನಲ್ಲಿ ಹೊಗಳುತ್ತಿರುವುದು ಇದನ್ನೇ. ವಿದ್ಯುತ್ ಅಗ್ಗವಾಗಿ ಸಿಗುತ್ತದೆ, ಬೇರೆ ಗಿರಾಕಿ ಇಲ್ಲ ಎಂಬುದು ಯೋಜನೆಯ ಲೆಕ್ಕ. ಆದರೆ ಪಂಜಾಬಿನ ಕೊಳವೆಬಾವಿಗಳೂ ಕಾರ್ಖಾನೆಗಳೂ ವಿದ್ಯುತ್ ಕೇಳತೊಡಗಿದವು. ನಂಗಲ್‌ನ ಪಾಲು ಕುಗ್ಗಿತು, 1970ರ ದಶಕದ ವಿಸ್ತರಣೆ ಉರುವಲು ಎಣ್ಣೆಯ ಮೇಲೆ ನಿಂತಿತು. 2023ರ ರಾಷ್ಟ್ರೀಯ ಹಸಿರು ಜಲಜನಕ ಅಭಿಯಾನದಡಿ ಗೊಬ್ಬರ ಕಂಪನಿಗಳಿಗೆ ವರ್ಷಕ್ಕೆ 7.24 ಲಕ್ಷ ಟನ್ ಹಸಿರು ಅಮೋನಿಯಾ ಒದಗಿಸಲು ಈಗ ಹರಾಜು ನಡೆದಿದೆ. ಅದನ್ನು ರೂಪಿಸುವವರು ನಂಗಲ್‌ನ ಹಳೆಯ ಕಡತಗಳನ್ನು ಒಮ್ಮೆ ತಿರುವಿ ಹಾಕುವುದು ಒಳ್ಳೆಯದು.

ಮೂರನೇ ಪಂಚವಾರ್ಷಿಕ ಯೋಜನೆ 8 ಲಕ್ಷ ಟನ್ ಸಾರಜನಕದ ಗುರಿ ಇಟ್ಟಿತ್ತು. 1965-66ರಲ್ಲಿ ಕೈಗೆ ಬಂದದ್ದು ಅದರ ಮೂರನೇ ಒಂದರಷ್ಟೂ ಅಲ್ಲ. ಮುಂದೆ ಹಸಿರು ಕ್ರಾಂತಿಯ ಬೀಜಗಳು ಬಂದವು, ಸಹಕಾರಿ ವಲಯದಲ್ಲಿ 1967ರಲ್ಲಿ ಇಫ್ಕೊ ಹುಟ್ಟಿತು, ಮಂಗಳೂರಿನ ಪಣಂಬೂರಿನಲ್ಲಿ 1976ರಲ್ಲಿ ಎಂಸಿಎಫ್ ಕಾರ್ಖಾನೆ ನಾಫ್ತಾ ಸುಟ್ಟು ಯೂರಿಯಾ ಮಾಡತೊಡಗಿತು. ತೈಲ ಬಿಕ್ಕಟ್ಟು ಬಂದಾಗ ಯೋಜಕರು ಕಲ್ಲಿದ್ದಲಿನತ್ತ ತಿರುಗಿ ರಾಮಗುಂಡಂ, ತಾಲ್ಚೇರ್‌ಗಳಲ್ಲಿ ಸ್ಥಾವರ ಕಟ್ಟಿದರು. 1980ರಲ್ಲಿ ಆರಂಭವಾದ ಅವೆರಡೂ ಕುಂಟುತ್ತಲೇ ಸಾಗಿ 1999ರಲ್ಲಿ ಬಾಗಿಲು ಹಾಕಿದವು. ಪಶ್ಚಿಮ ಬಂಗಾಳದ ಹಲ್ದಿಯಾದ ಪಾಡು ಇನ್ನೂ ಕೆಟ್ಟದ್ದು. 1970ರ ದಶಕದಲ್ಲಿ ಕಟ್ಟಲು ಶುರುಮಾಡಿ, 1979ರ ಹೊತ್ತಿಗೆ ಯಂತ್ರ ಜೋಡಿಸಿ ಮುಗಿಸಿ, ವರ್ಷಗಟ್ಟಲೆ ಚಾಲೂ ಮಾಡಲು ಹೆಣಗಿ, 1986ರಲ್ಲಿ ಕೈಬಿಟ್ಟರು. ಸಾವಿರಕ್ಕೂ ಹೆಚ್ಚು ನೌಕರರಿದ್ದ ಆ ಕಾರ್ಖಾನೆಯಿಂದ ವಾಣಿಜ್ಯ ಉತ್ಪಾದನೆ ಎಂದೂ ಆಗಲಿಲ್ಲ. ಯಾವ ಸಮೀಕರಣವೂ ಇಂಥದ್ದನ್ನು ಮುಂಚಿತವಾಗಿ ಹೇಳಲಾರದು. ಮಾದರಿಯ ಕಾಗದದಲ್ಲಿ ಕಟ್ಟಿದ ಕಾರ್ಖಾನೆ ಓಡಿಯೇ ಓಡುತ್ತದೆ.

ಟನ್ನುಗಳ ಕಥೆಗೆ ತಿರುವು ಕೊಟ್ಟದ್ದು ಎಸ್.ಎಸ್. ಮರಾಠೆ ಸಮಿತಿ. ಅದರ ಶಿಫಾರಸಿನಂತೆ 1977ರ ನವೆಂಬರ್‌ನಿಂದ ಪ್ರತಿ ಕಾರ್ಖಾನೆಗೂ ಅದರದೇ ಖರ್ಚಿಗೆ ತಕ್ಕ ಬೆಲೆ ಗೊತ್ತುಮಾಡುವ ಪದ್ಧತಿ ಬಂತು. ಸ್ಥಾವರ ತನ್ನ ಸಾಮರ್ಥ್ಯದ ಶೇ. 80ರಷ್ಟು ಓಡಿದರೆ ಹೂಡಿದ ಬಂಡವಾಳಕ್ಕೆ ತೆರಿಗೆ ಕಳೆದು ಶೇ. 12ರಷ್ಟು ಲಾಭ ಖಾತ್ರಿ. ರೈತ ಕೊಡುವ ಬೆಲೆಗೂ ಈ ಬೆಲೆಗೂ ನಡುವಿನ ಅಂತರವನ್ನು ಸರ್ಕಾರ ತುಂಬಿಕೊಡುತ್ತದೆ. ಹೂಡಿಕೆದಾರರಿಗೆ ಇದಕ್ಕಿಂತ ಇನ್ನೇನು ಬೇಕು? ಬಾಂಬೆ ಹೈ ಅನಿಲ, ಹಜೀರಾದಿಂದ ಜಗದೀಶಪುರದವರೆಗಿನ ಕೊಳವೆ ಮಾರ್ಗ ಇವೆರಡೂ ಜೊತೆ ಸೇರಿದವು. ಕೊಳವೆಯ ಉದ್ದಕ್ಕೂ ವಿಜಯಪುರ, ಆಂವ್ಲಾ, ಬಬ್ರಾಲಾ, ಗಡೇಪಾನ್‌ಗಳಲ್ಲಿ ದೊಡ್ಡ ಸ್ಥಾವರಗಳು ಎದ್ದವು. ಗೋಧಿ ಬೆಳೆಯುವ ಬಯಲಿಗೆ ಯೂರಿಯಾ ಸಾಗಿಸುವ ಬದಲು ಅನಿಲವನ್ನೇ ಸಾಗಿಸುವುದು ಮಾದರಿಗಾರರು ಮೆಚ್ಚುವ ತೀರ್ಮಾನ. 1980-81ರಲ್ಲಿ ಸುಮಾರು 21.6 ಲಕ್ಷ ಟನ್ ಇದ್ದ ಸಾರಜನಕ ಉತ್ಪಾದನೆ 1990-91ಕ್ಕೆ ಸುಮಾರು 70 ಲಕ್ಷ ಟನ್ನಿಗೆ ಏರಿತು. ಯಾವ ಅಳತೆಯಲ್ಲಿ ನೋಡಿದರೂ ಇದು ದೊಡ್ಡ ಸಾಧನೆ.

ಅದಕ್ಕೆ ತೆತ್ತ ಬೆಲೆಯೂ ದೊಡ್ಡದು. ಖರ್ಚು ಹೆಚ್ಚು ತೋರಿಸಿದಷ್ಟೂ ಹೆಚ್ಚು ಹಣ ಸಿಗುವ ಪದ್ಧತಿಯಲ್ಲಿ ಮಿತವ್ಯಯಕ್ಕೆ ಬಹುಮಾನವಿರಲಿಲ್ಲ. ಒಂದೇ ಯೂರಿಯಾಕ್ಕೆ ಕಾರ್ಖಾನೆಯಿಂದ ಕಾರ್ಖಾನೆಗೆ ಬೇರೆ ಬೇರೆ ಬೆಲೆ. 1980-81ರಲ್ಲಿ ಸುಮಾರು 500 ಕೋಟಿ ರೂ. ಇದ್ದ ಸಬ್ಸಿಡಿ ಹತ್ತು ವರ್ಷಗಳಲ್ಲಿ ಸುಮಾರು 4,400 ಕೋಟಿಗೆ ಮುಟ್ಟಿತು. ಸಿ.ಎಚ್. ಹನುಮಂತರಾವ್ ಸಮಿತಿ 1998ರಲ್ಲಿ ಈ ಪದ್ಧತಿ ಸಾಕು ಎಂದಿತು. 2003ರಿಂದ ಕಾರ್ಖಾನೆಗಳನ್ನು ವಯಸ್ಸು ಮತ್ತು ಕಚ್ಚಾ ಮಾಲಿಗೆ ತಕ್ಕಂತೆ ಆರು ಗುಂಪು ಮಾಡಿ ಗುಂಪಿಗೊಂದು ಅಳತೆ ಇಡಲಾಯಿತು. ಇಂಧನ ಉಳಿಸಿದವನಿಗೆ ಲಾಭ ಎಂಬ ನಿಯಮ ಬಂದದ್ದು ಆಗಲೇ.

ಆ ಹೊತ್ತಿಗೆ ಕಥೆಯ ಇನ್ನೊಂದು ಅರ್ಧ, ಅಂದರೆ ಬೆಲೆ, ಆಗಲೇ ಹಳಿ ತಪ್ಪಿತ್ತು.

ಬೆಲೆ ಏನು ಮಾಡಬಲ್ಲದು ಎಂಬುದಕ್ಕೆ ಮೊದಲ ಸುಳಿವು 1974ರಲ್ಲೇ ಸಿಕ್ಕಿತ್ತು. ತೈಲ ಬಿಕ್ಕಟ್ಟಿನಿಂದ ಯೂರಿಯಾ ಬೆಲೆ ಟನ್ನಿಗೆ 1,050 ರೂ.ಯಿಂದ 2,000 ರೂ.ಗೆ ಏರಿದ ವರ್ಷ ದೇಶದ ಒಟ್ಟು ಗೊಬ್ಬರ ಬಳಕೆಯೇ ಇಳಿಯಿತು. ಏರುತ್ತಲೇ ಹೋಗುತ್ತದೆ ಎಂದು ಯೋಜಕರು ನಂಬಿದ್ದ ಗೆರೆ ಬಾಗಿತು. ಮರಾಠೆ ಸಮಿತಿ ಹುಟ್ಟಿದ್ದೇ ಆ ಆಘಾತದ ಬೆನ್ನಿಗೆ. ಆದರೆ ಪಾಠ ಕಲಿತದ್ದು ಕಾರ್ಖಾನೆಯ ಬೆಲೆಯ ಬಗ್ಗೆ ಮಾತ್ರ.

1991ರ ಬಜೆಟ್‌ನಲ್ಲಿ ಮನಮೋಹನ್ ಸಿಂಗ್ ಗೊಬ್ಬರದ ಬೆಲೆಯನ್ನು ಶೇ. 40ರಷ್ಟು ಏರಿಸಲು ಹೊರಟರು. ಗದ್ದಲವಾಗಿ ಅದು ಶೇ. 30ಕ್ಕೆ ಇಳಿಯಿತು. ಮರುವರ್ಷ ಆಗಸ್ಟ್ 25ರಂದು ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳ ಬೆಲೆಯ ಮೇಲಿನ ಹಿಡಿತವನ್ನೇ ಸರ್ಕಾರ ತೆಗೆದುಹಾಕಿತು. ಯೂರಿಯಾವನ್ನು ಹಿಡಿತದಲ್ಲೇ ಉಳಿಸಿಕೊಂಡದ್ದಲ್ಲದೆ ಅದರ ಬೆಲೆಯನ್ನು ಶೇ. 10ರಷ್ಟು ತಗ್ಗಿಸಿತು. ಡಿಎಪಿ, ಪೊಟ್ಯಾಷ್ ಬೆಲೆ ರಾತ್ರೋರಾತ್ರಿ ಮೇಲೆ ಹಾರಿತು. ರೈತ ಮಾಡಿದ್ದು ಯಾರಾದರೂ ಮಾಡುವ ಕೆಲಸ: ಅಗ್ಗದ್ದನ್ನು ಹೆಚ್ಚು ಕೊಂಡ, ದುಬಾರಿಯದನ್ನು ಬಿಟ್ಟ. 1991-92ರಲ್ಲಿ ಸಾರಜನಕ, ರಂಜಕ, ಪೊಟ್ಯಾಷ್‌ಗಳ ಬಳಕೆಯ ಅನುಪಾತ 5.9:2.4:1 ಇದ್ದದ್ದು ಒಂದೇ ವರ್ಷದಲ್ಲಿ 9.5:3.2:1 ಆಯಿತು. ದೇಶದ ಒಟ್ಟು ಬಳಕೆಗೆ ತಜ್ಞರು ಅಂದಾಜಿನ ಮಾನದಂಡವಾಗಿ ಹೇಳುವುದು 4:2:1.

ತಪ್ಪನ್ನು ತಿದ್ದಲು ಎರಡು ದಶಕ ಹಿಡಿಯಿತು, ತಿದ್ದುವಾಗ ಅದೇ ತಪ್ಪು ಮತ್ತೆ ನಡೆಯಿತು. ಗೊಬ್ಬರದ ಹೆಸರಿಗೆ ಸಬ್ಸಿಡಿ ಕೊಡುವ ಬದಲು ಅದರಲ್ಲಿರುವ ಪೋಷಕಾಂಶದ ಕಿಲೋ ಲೆಕ್ಕದಲ್ಲಿ ಕೊಡುವ ನೀತಿ 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಸಿದ್ಧಾಂತದಲ್ಲಿ ಇದಕ್ಕಿಂತ ಚೊಕ್ಕವಾದ ನೀತಿ ಸಿಗುವುದು ಕಷ್ಟ. ಆದರೆ ಯೂರಿಯಾ ಅದರ ಹೊರಗೇ ಉಳಿಯಿತು. ಮೂರು ಚಕ್ರಕ್ಕೆ ಗಾಳಿ ತುಂಬಿ ನಾಲ್ಕನೆಯದನ್ನು ಮರೆತ ಗಾಡಿಯಂತೆ ನೀತಿ ಒಂದೇ ಕಡೆ ಎಳೆಯತೊಡಗಿತು. ರೂಪಾಯಿ ಕುಸಿದು ಆಮದು ಬೆಲೆ ಏರಿದಾಗ ಡಿಎಪಿ, ಪೊಟ್ಯಾಷ್ ಮತ್ತೆ ದುಬಾರಿಯಾದವು. 2009-10ರಲ್ಲಿ 4.3:2:1ಕ್ಕೆ ಇಳಿದಿದ್ದ ಅನುಪಾತ 2012-13ಕ್ಕೆ 8.2:3.2:1ಕ್ಕೆ ಜಿಗಿಯಿತು. ಇಪ್ಪತ್ತು ವರ್ಷದ ಹಿಂದಿನ ಪ್ರಯೋಗವೇ ಮರುಕಳಿಸಿದಂತೆ, ಫಲಿತಾಂಶವೂ ಅದೇ. ನೀತಿ ಬರೆದವರಿಗೆ ಹಳೆಯ ಅಂಕಿಅಂಶ ಗೊತ್ತಿರಲಿಲ್ಲ ಎಂದು ನಂಬುವುದು ಕಷ್ಟ; ಗೊತ್ತಿದ್ದೂ ಯೂರಿಯಾ ಮುಟ್ಟುವ ಧೈರ್ಯ ಯಾವ ಸರ್ಕಾರಕ್ಕೂ ಬರಲಿಲ್ಲ ಎನ್ನುವುದೇ ಸರಿಯಾದೀತು.

ಈ ಅಸಮತೋಲನದ ಪರಿಣಾಮ ಮಣ್ಣಿಗೆ ಮಾತ್ರ ಸೀಮಿತವಲ್ಲ. 45 ಕಿಲೋ ಯೂರಿಯಾ ಚೀಲ 266 ರೂ. 50 ಪೈಸೆಗೆ ಸಿಗುವಾಗ 2022ರಲ್ಲಿ ಪೊಟ್ಯಾಷ್ ಚೀಲ 1,700 ರೂ.ವರೆಗೆ ಹೋಯಿತು. ಇಷ್ಟು ಅಗ್ಗದ ಸರಕು ಪ್ಲೈವುಡ್ ಅಂಟಿನ ಕಾರ್ಖಾನೆಗೂ ಗಡಿಯಾಚೆಗೂ ಹರಿಯದೆ ಇರುತ್ತದೆಯೇ? ಅದನ್ನು ತಡೆಯಲು 2015ರಲ್ಲಿ ಎಲ್ಲ ಯೂರಿಯಾಕ್ಕೆ ಬೇವಿನೆಣ್ಣೆ ಲೇಪ ಕಡ್ಡಾಯವಾಯಿತು, 2018ರಲ್ಲಿ ಚೀಲ 50ರಿಂದ 45 ಕಿಲೋಗೆ ಇಳಿಯಿತು, ಅಂಗಡಿಯಲ್ಲಿ ಬೆರಳಚ್ಚು ಒತ್ತುವ ಯಂತ್ರ ಬಂತು. ಬೆಲೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಸರ್ಕಾರ ಬದಲಿಸಿ ನೋಡಿದೆ.

ಹಂಚಿಕೆಯ ಲೆಕ್ಕ ಬೇರೆಯೇ ಒಂದು ಲೋಕ. ಮುಂಗಾರು, ಹಿಂಗಾರುಗಳಿಗೆ ಮುಂಚೆ ಕೇಂದ್ರ ಕೃಷಿ ಇಲಾಖೆ ರಾಜ್ಯಗಳ ಜೊತೆ ಕುಳಿತು ಬೇಡಿಕೆ ಅಂದಾಜಿಸುತ್ತದೆ, ಗೊಬ್ಬರ ಇಲಾಖೆ ತಿಂಗಳ ಪೂರೈಕೆ ಪಟ್ಟಿ ಮಾಡುತ್ತದೆ, ರೈಲ್ವೆ ರೇಕ್, ಅಂದರೆ ಇಡೀ ಸರಕು ರೈಲು, ಕೊಡುತ್ತದೆ. ಒಂದು ರೇಕ್ ಸುಮಾರು 2,600 ಟನ್ ಹೊತ್ತು ತಂದರೆ 58 ಸಾವಿರ ಚೀಲ. ಮಳೆ ಒಂದು ವಾರ ಮುಂಚೆ ಬಿದ್ದರೆ, ರೇಕ್ ಒಂದು ವಾರ ತಡವಾದರೆ, ವರ್ಷದ ಒಟ್ಟು ಲೆಕ್ಕ ಸರಿಯಿದ್ದೂ ಸೊಸೈಟಿಯ ಮುಂದೆ ಸಾಲು ಬೆಳೆಯುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಆದದ್ದು ಕನ್ನಡಿಗರಿಗೆ ನೆನಪಿದೆ. ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿದರು, ಇಬ್ಬರು ಸತ್ತರು. ಅದೇ ವರ್ಷ ವಿಶ್ವ ಮಾರುಕಟ್ಟೆಯಲ್ಲಿ ಡಿಎಪಿ ಬೆಲೆ ಟನ್ನಿಗೆ ಸಾವಿರ ಡಾಲರ್ ದಾಟಿತ್ತು. 2008-09ರ ಸಬ್ಸಿಡಿ ಒಂದು ಲಕ್ಷ ಕೋಟಿ ರೂ.ಗಳ ಹತ್ತಿರ ಹೋಯಿತು. ದೆಹಲಿಯ ಖಜಾನೆಯಿಂದ ದಾಖಲೆ ಮೊತ್ತ ಹೊರಟ ವರ್ಷವೇ ಹಾವೇರಿಯ ರೈತನ ಕೈಗೆ ಚೀಲ ಮುಟ್ಟಲಿಲ್ಲ.

2025ರ ಮುಂಗಾರಿನಲ್ಲಿ ಇದರ ಇನ್ನೊಂದು ರೂಪ ಕಂಡಿತು. ಮಳೆ ಬೇಗ ಬಂತು, ಮೆಕ್ಕೆಜೋಳ, ಭತ್ತ ಹೆಚ್ಚಾಯಿತು, ಚೀನಾ ರಫ್ತಿಗೆ ಕಡಿವಾಣ ಹಾಕಿತ್ತು, ಗೋದಾಮುಗಳಲ್ಲಿ ದಾಸ್ತಾನು ಹಿಂದಿನ ವರ್ಷದ ಅರ್ಧಕ್ಕೂ ಕೆಳಗಿತ್ತು. ಕರ್ನಾಟಕ, ತೆಲಂಗಾಣಗಳಲ್ಲಿ ಯೂರಿಯಾಕ್ಕೆ ಪರದಾಟ. ರಾಜ್ಯ ಕೇಂದ್ರವನ್ನು ದೂರಿತು, ಕೇಂದ್ರ ರಾಜ್ಯವನ್ನು. 2025ರ ಕೊನೆಗೆ ಯೂರಿಯಾ ಆಮದೇ ನಿಲ್ಲುತ್ತದೆ ಎಂದು ಹೇಳಿದ್ದ ಸರ್ಕಾರ ಅದೇ ವರ್ಷ ಆಮದಿಗೆ ಟೆಂಡರ್ ಮೇಲೆ ಟೆಂಡರ್ ಕರೆಯಿತು. ನ್ಯಾನೊ ಯೂರಿಯಾ ಬಾಟಲಿಗಳು ಚೀಲಗಳ ಜಾಗ ತುಂಬುತ್ತವೆ ಎಂಬ ನಂಬಿಕೆ ಆ ಭರವಸೆಯ ಲೆಕ್ಕದೊಳಗೆ ಸೇರಿತ್ತು. ರೈತ ಮಾತ್ರ ಚೀಲವನ್ನೇ ಕೇಳಿದ.

ಹೊಸ ಕಾರ್ಖಾನೆಗಳು ಬರದೆ ಇಲ್ಲ. ಗಡೇಪಾನ್‌ನ ಮೂರನೇ ಘಟಕ, ರಾಮಗುಂಡಂ, ಗೋರಖ್‌ಪುರ, ಬರೌನಿ, ಸಿಂದ್ರಿ, ಪಾನಾಗಢ ಎಲ್ಲವೂ ತಲಾ 12.7 ಲಕ್ಷ ಟನ್ ಸಾಮರ್ಥ್ಯದವು. 2023-24ರಲ್ಲಿ ದೇಶದ ಯೂರಿಯಾ ಉತ್ಪಾದನೆ 314 ಲಕ್ಷ ಟನ್ ಮುಟ್ಟಿತು. ಆದರೆ ಅವುಗಳ ಹೊಟ್ಟೆಗೆ ಹೋಗುವ ಅನಿಲದ ಬಹುಪಾಲು ಹಡಗಿನಲ್ಲಿ ದ್ರವರೂಪದಲ್ಲಿ ಬರುವಂಥದ್ದು. ಪಾನಾಗಢದ ಮ್ಯಾಟಿಕ್ಸ್ ಕಾರ್ಖಾನೆ ಪಕ್ಕದ ಕಲ್ಲಿದ್ದಲು ಪದರಗಳ ಮೀಥೇನ್ ನಂಬಿ ಎದ್ದಿತ್ತು. ಸಾಕಷ್ಟು ಅನಿಲ ಬಾರದೆ, ಕೊಳವೆ ಮಾರ್ಗ ಬಂದ ಮೇಲೆ 2021ರಲ್ಲಷ್ಟೇ ಪೂರ್ಣವಾಗಿ ಓಡತೊಡಗಿತು. ಕೃಷ್ಣಾ-ಗೋದಾವರಿ ಕಡಲಿನ ಅನಿಲವೂ ನಿರೀಕ್ಷೆಯ ಹತ್ತಿರಕ್ಕೆ ಬಂದು ಬೇಗನೆ ಬತ್ತಿತ್ತು. ಪಣಂಬೂರಿನ ಎಂಸಿಎಫ್ ನಾಫ್ತಾ ಬಿಟ್ಟು ಅನಿಲಕ್ಕೆ ತಿರುಗಲು ಕೊಚ್ಚಿ-ಮಂಗಳೂರು ಕೊಳವೆಗಾಗಿ ವರ್ಷಗಟ್ಟಲೆ ಕಾಯಬೇಕಾಯಿತು. ಅದರ ಉದ್ಘಾಟನೆಯಾದದ್ದು 2021ರ ಜನವರಿಯಲ್ಲಿ. ಯೂರಿಯಾ ಆಮದು ಕಡಿಮೆಯಾದರೆ ಅನಿಲ ಆಮದು ಹೆಚ್ಚುತ್ತದೆ. ಸ್ವಾವಲಂಬನೆ ಎಂಬ ಮಾತಿನ ಒಳಗೆ ಈ ಬದಲಿ ಅಡಗಿದೆ. ಉಕ್ರೇನ್ ಯುದ್ಧದ ವರ್ಷ 2022-23ರಲ್ಲಿ ಸಬ್ಸಿಡಿ ಸುಮಾರು 2.5 ಲಕ್ಷ ಕೋಟಿ ರೂ. ಮುಟ್ಟಿದ್ದು ಇದರ ಬಿಲ್ಲು. ಪೊಟ್ಯಾಷ್ ಅಂತೂ ಪೂರ್ತಿ ಹೊರಗಿನದೇ.

ಹಾಗಾದರೆ ಮಾದರಿಗಳು ಬೇಡವೇ? ಬೇಕು, ಆದರೆ ಬೇರೆ ಪ್ರಶ್ನೆ ಕೇಳುವ ಮಾದರಿಗಳು. ಮ್ಯಾನಿ ಕಾಲದ ಲೆಕ್ಕ ಎಲ್ಲಿ ಕಟ್ಟಬೇಕು ಎಂದು ಕೇಳಿತು. ಸಿಂದ್ರಿಯಿಂದ ಗಡೇಪಾನ್‌ವರೆಗೆ ಆ ಪ್ರಶ್ನೆಗೆ ದೇಶ ತಕ್ಕಮಟ್ಟಿಗೆ ಉತ್ತರಿಸಿದೆ. ಈಗ ಬೇಕಾದದ್ದು ಬೇಡಿಕೆಯನ್ನು ಸ್ಥಿರ ಅಂಕಿಯಾಗಿ ಹಿಡಿಯದ ಲೆಕ್ಕ. ಯೂರಿಯಾ ಚೀಲಕ್ಕೆ ನೂರು ರೂಪಾಯಿ ಏರಿಸಿ ಪೊಟ್ಯಾಷಿಗೆ ಅಷ್ಟೇ ಹಣ ತಿರುಗಿಸಿದರೆ ಗಂಗಾವತಿಯ ಭತ್ತದ ಗದ್ದೆಯಲ್ಲಿ ಏನಾಗುತ್ತದೆ, ರಾಣೆಬೆನ್ನೂರಿನ ಮೆಕ್ಕೆಜೋಳದ ಹೊಲದಲ್ಲಿ ಏನಾಗುತ್ತದೆ, ಸಣ್ಣ ರೈತನಿಗೆ ಎಕರೆಗೆ ಎಷ್ಟು ನಗದು ಕೊಟ್ಟರೆ ನಷ್ಟ ತುಂಬುತ್ತದೆ, ಅನಿಲದ ಬೆಲೆ ಎರಡು ಪಟ್ಟಾದ ವರ್ಷ ಖಜಾನೆ ತಡೆಯುತ್ತದೆಯೇ? ಇವನ್ನು ಲೆಕ್ಕ ಹಾಕಲು ಬೇಕಾದ ಅಂಕಿಅಂಶ ಈಗ ಪ್ರತಿ ಅಂಗಡಿಯ ಬೆರಳಚ್ಚು ಯಂತ್ರದಲ್ಲಿ ದಿನವೂ ದಾಖಲಾಗುತ್ತಿದೆ. ಮ್ಯಾನಿಗೆ ಅಂಥ ಅದೃಷ್ಟವಿರಲಿಲ್ಲ.

2025ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಅಸ್ಸಾಮಿನ ನಾಮರೂಪಕ್ಕೆ 12.7 ಲಕ್ಷ ಟನ್ನಿನ ಇನ್ನೊಂದು ಯೂರಿಯಾ ಘಟಕ ಮಂಜೂರು ಮಾಡಿತು. ಯೂರಿಯಾವನ್ನೂ ಪೋಷಕಾಂಶದ ಲೆಕ್ಕದ ಸಬ್ಸಿಡಿಗೆ ತರಬೇಕೆಂದು ಕೃಷಿ ವೆಚ್ಚ ಮತ್ತು ಬೆಲೆ ಆಯೋಗ ಮತ್ತೆ ಮತ್ತೆ ಶಿಫಾರಸು ಮಾಡಿದೆ. ತೆರಿಗೆ ಮತ್ತು ಬೇವಿನ ಲೇಪದ ಖರ್ಚು ಬಿಟ್ಟು ಯೂರಿಯಾದ ಚಿಲ್ಲರೆ ಬೆಲೆ ಟನ್ನಿಗೆ 5,360 ರೂ. ಎಂದು ಗೊತ್ತಾದದ್ದು 2012ರಲ್ಲಿ; ನಾಮರೂಪಕ್ಕೆ ಮಂಜೂರಾತಿ ಸಿಕ್ಕ ದಿನವೂ ಅದು ಅಷ್ಟೇ ಇತ್ತು.